ಡಬ್ಬಿಯ ಮೇಲಿನ ಕೆಂಪು ಅಂಚಿನ ಚೌಕ

ಕೇಳುಗ ಬಂಧುಗಳಿಗೆ ನಮಸ್ಕಾರ. ಯುರೋಪಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳನ್ನು, ಅದರಲ್ಲೂ ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಊರಿನಿಂದ ಬಂದು ಕೆಲವು ತಿಂಗಳು ಇಲ್ಲಿರುವ ಅಜ್ಜ ಅಜ್ಜಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದೇನೆ. ನಾನು ಹೇಳಬೇಕಾದದ್ದು ಒಂದೇ ವಿಷಯ: ನೆಲ ಒರೆಸುವ, ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಯಾವ ದ್ರವವನ್ನೂ ಅದು ಬಂದ ಡಬ್ಬಿಯಿಂದ ಬೇರೆ ಬಾಟಲಿಗೆ ಸುರಿದಿಡಬೇಡಿ.

ಮೊದಲು ಇಂಥ ಡಬ್ಬಿಗಳ ಮೇಲೆ ಕಿತ್ತಳೆ ಬಣ್ಣದ ಚೌಕ, ಅದರೊಳಗೆ ಕಪ್ಪು ಇಂಟು ಮಾರ್ಕು ಇರುತ್ತಿತ್ತು. ಅಪಾಯದ ಗುರುತುಗಳಿಗಾಗಿ ವಿಶ್ವಸಂಸ್ಥೆ ರೂಪಿಸಿದ ಏಕರೂಪ ಪದ್ಧತಿಯನ್ನು ಐರೋಪ್ಯ ಒಕ್ಕೂಟ 2008ರಲ್ಲಿ ಕಾನೂನಾಗಿ ಒಪ್ಪಿಕೊಂಡಿತು. ಮನೆಬಳಕೆಯ ಮಿಶ್ರಣಗಳಿಗೆ ಅದು 2015ರ ಜೂನ್ 1ರಿಂದ ಕಡ್ಡಾಯವಾಯಿತು. ಈಗ ಕಾಣುವುದು ಮೂಲೆಯ ಮೇಲೆ ನಿಂತ, ಕೆಂಪು ಅಂಚಿನ ಬಿಳಿ ಚೌಕ. ಒಳಗೆ ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಎಚ್ಚರಿಕೆ. ಕೈಯ ಮೇಲೂ ಲೋಹದ ಮೇಲೂ ದ್ರವ ತೊಟ್ಟಿಕ್ಕುವ ಚಿತ್ರವಿದ್ದರೆ ಅದು ಚರ್ಮವನ್ನು ಸುಡಬಲ್ಲದು, ಕಣ್ಣನ್ನು ಕೆಡಿಸಬಲ್ಲದು. ಅಕ್ಷರಗಳು ಆಯಾ ದೇಶದ ಭಾಷೆಯಲ್ಲಿರುತ್ತವೆ, ಚಿತ್ರ ಮಾತ್ರ ಎಲ್ಲ ಕಡೆಯೂ ಒಂದೇ, ಆದ್ದರಿಂದ ಜರ್ಮನ್ ಬಾರದ ಅಜ್ಜಿಯೂ ಅದನ್ನು ಓದಬಲ್ಲರು.

ಹತ್ತಾರು ವರ್ಷಗಳಿಂದ ಬಳಸುತ್ತಿರುವ ಸೋಪಿನ ದ್ರವಕ್ಕೆ ಇದ್ದಕ್ಕಿದ್ದಂತೆ ಈ ಭಯಂಕರ ಚಿತ್ರ ಏಕೆ ಬಂತು, ಕಂಪನಿಯವರು ಹೊಸದಾಗಿ ಏನು ಬೆರೆಸಿದರು ಎಂದು ಬಹಳ ಮಂದಿ ನನ್ನನ್ನು ಕೇಳಿದ್ದಾರೆ. ದ್ರವ ಮೊದಲಿನದೇ, ಬದಲಾದದ್ದು ಅಳತೆಯ ಗೆರೆ. ಕಣ್ಣಿಗೆ ಗಂಭೀರ ಹಾನಿ ಮಾಡುವ ಅಂಶ ಎಷ್ಟಿದ್ದರೆ ಆ ಎಚ್ಚರಿಕೆ ಹಾಕಬೇಕು ಎಂಬುದಕ್ಕೆ ಹಳೆಯ ಲೆಕ್ಕದಲ್ಲಿ ಶೇಕಡಾ 10 ಇದ್ದ ಮಿತಿ ಹೊಸ ನಿಯಮದಲ್ಲಿ ಶೇಕಡಾ 3ಕ್ಕೆ ಇಳಿಯಿತು.

ಇದಕ್ಕಿಂತಲೂ ಮುಖ್ಯವಾದ ಬದಲಾವಣೆಯನ್ನು ಯಾರೂ ಗಮನಿಸುವುದೇ ಇಲ್ಲ. ಆರೋಗ್ಯಕ್ಕೆ ಅಪಾಯಕಾರಿಯಾದ ಮಿಶ್ರಣಗಳ ಡಬ್ಬಿಯ ಮೇಲೆ ಯುಎಫ್ಐ ಎಂಬ ಮೂರು ಅಕ್ಷರಗಳೂ ಅವುಗಳ ಮುಂದೆ ನಾಲ್ಕು ನಾಲ್ಕರ ಗುಂಪಿನಲ್ಲಿ ಹದಿನಾರು ಅಕ್ಷರ ಮತ್ತು ಅಂಕಿಗಳೂ ಇರುತ್ತವೆ. ಮನೆಬಳಕೆಯ ಹೊಸ ಸಾಮಾನುಗಳಿಗೆ ಇದು 2021ರ ಜನವರಿ 1ರಿಂದ ಬಂತು. ಆ ಸಂಕೇತವನ್ನು ಓದಿ ಹೇಳಿದರೆ ವಿಷ ಚಿಕಿತ್ಸಾ ಕೇಂದ್ರದ ವೈದ್ಯರಿಗೆ ಡಬ್ಬಿಯೊಳಗೆ ಏನೇನು ಇದೆ ಎಂಬುದು ತಿಳಿಯುತ್ತದೆ.

ನನಗೆ ಗೊತ್ತಿರುವ ಒಂದು ಮನೆಯ ಕಥೆ ಹೇಳಬೇಕು. ಕೆಟಲಿನ ತಳದಲ್ಲಿ ಕಟ್ಟುವ ಬಿಳಿ ಕರೆಯನ್ನು ತೆಗೆಯುವ ದ್ರವ ಸ್ವಲ್ಪವೇ ಉಳಿದಿತ್ತು. ಮನೆಯವರು ಅದನ್ನು ನೀರಿನ ಖಾಲಿ ಬಾಟಲಿಗೆ ಬಗ್ಗಿಸಿ ಸಿಂಕಿನ ಪಕ್ಕದಲ್ಲಿಟ್ಟರು. ಬಣ್ಣವಿಲ್ಲ, ನೋಡಿದರೆ ಅಪ್ಪಟ ನೀರು. ಆಟ ಮುಗಿಸಿ ಬಂದ ಐದು ವರ್ಷದ ಹುಡುಗ ಬಾಟಲಿ ಎತ್ತಿ ಒಂದು ಗುಟುಕು ಕುಡಿದ, ಕೂಡಲೇ ಉಗಿದು ಬಾಯಿ ಹಿಡಿದುಕೊಂಡು ಅಳತೊಡಗಿದ. ಅಜ್ಜಿ ಗಾಬರಿಯಿಂದ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೊರಟರು. ಅಷ್ಟರಲ್ಲಿ ಫೋನಿನಲ್ಲಿ ಸಿಕ್ಕ ವೈದ್ಯೆ, ವಾಂತಿ ಖಂಡಿತ ಬೇಡ, ಇಳಿಯುವಾಗ ಸುಟ್ಟದ್ದು ಹತ್ತುವಾಗ ಇನ್ನೊಮ್ಮೆ ಸುಡುತ್ತದೆ ಎಂದು ತಡೆದು, ಡಬ್ಬಿಯ ಮೇಲಿನ ಸಂಕೇತ ಓದಿ ಎಂದರು. ಡಬ್ಬಿ ಎಲ್ಲಿದೆ? ಪ್ಲಾಸ್ಟಿಕ್ ಕಸದ ಹಳದಿ ಚೀಲದಲ್ಲಿ, ಬೀದಿಯ ಅಂಚಿನಲ್ಲಿ. ತಂದೆ ಬರಿಗಾಲಿನಲ್ಲಿ ಓಡಿ, ಮೊಸರಿನ ಡಬ್ಬಗಳನ್ನೆಲ್ಲ ಸುರುವಿ, ಜಜ್ಜಿಹೋದ ಡಬ್ಬಿಯನ್ನು ಹುಡುಕಿ ತಂದು ಒಂದೊಂದೇ ಅಕ್ಷರ ಓದಿದರು. ಆಮ್ಲ ಯಾವುದು, ಎಷ್ಟು ಎಂದು ತಿಳಿದ ಮೇಲೆ ವೈದ್ಯೆ ಬಾಯಿ ತೊಳೆಸಿ ಸ್ವಲ್ಪ ನೀರು ಕುಡಿಸಲು ಹೇಳಿದರು, ಹುಡುಗ ಚೇತರಿಸಿಕೊಂಡ. ಕಸದ ಗಾಡಿ ಬಂದು ಹೋಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ನೋಡಿ. ದಯವಿಟ್ಟು ಡಬ್ಬಿ ಬದಲಿಸಬೇಡಿ.

ಸಮಯ ಕಡಿಮೆಯಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಬಟ್ಟೆ ಒಗೆಯುವ ದ್ರವದ ಪುಟ್ಟ ಗುಳಿಗೆಗಳ ಹೊರಡಬ್ಬಿ 2015ರಿಂದ ಒಳಗೆ ಕಾಣದಂತಿರಬೇಕು, ಗುಳಿಗೆಯ ಪೊರೆಯಲ್ಲಿ ಮಗು ಉಗಿದುಬಿಡುವಂಥ ಕಹಿ ಇರಬೇಕು. ಆ ಗುಳಿಗೆಗಳನ್ನು ಅಂದದ ಗಾಜಿನ ಭರಣಿಗೆ ತುಂಬಿಸಿದರೆ ಅರ್ಧ ರಕ್ಷಣೆಯನ್ನು ನಾವೇ ತೆಗೆದುಹಾಕಿದಂತೆ. 2024ರ ಡಿಸೆಂಬರ್ 10ರಂದು ಜಾರಿಗೆ ಬಂದ, ಇದೇ ಐರೋಪ್ಯ ಕಾನೂನಿನ ತಿದ್ದುಪಡಿಯು ಖಾಲಿ ಬಾಟಲಿ ತಂದು ದ್ರವ ತುಂಬಿಸಿಕೊಳ್ಳುವ ಅಂಗಡಿಗಳನ್ನೂ ನಿಯಮದೊಳಗೆ ತಂದಿದೆ. ಚರ್ಮ ಸುಡುವಂಥವನ್ನು ಹಾಗೆ ಮಾರುವುದನ್ನು ಅದು ಒಪ್ಪುವುದಿಲ್ಲ. ಅಲ್ಲಿಗೆ ಹೋಗುವವರು ಅದೇ ದ್ರವದ ಹಳೆಯ ಡಬ್ಬಿಯನ್ನು, ಲೇಬಲ್ ಕಿತ್ತುಹೋಗದಂತೆ ಇಟ್ಟುಕೊಂಡು, ತೆಗೆದುಕೊಂಡು ಹೋಗಿ. ನೀರಿನ ಬಾಟಲಿಯನ್ನಂತೂ ಒಯ್ಯಲೇಬೇಡಿ. ನಿಮ್ಮ ದೇಶದ ವಿಷ ಚಿಕಿತ್ಸಾ ಕೇಂದ್ರದ ಸಂಖ್ಯೆಯನ್ನು ಇಂದೇ ಬರೆದು ಫ್ರಿಜ್ಜಿನ ಬಾಗಿಲಿಗೆ, ಅಜ್ಜಿಯ ಕಣ್ಣಿಗೆ ಬೀಳುವಷ್ಟು ದೊಡ್ಡ ಅಂಕಿಗಳಲ್ಲಿ ಅಂಟಿಸಿ. ನಮಸ್ಕಾರ.