ಲೌಡನ್ ಕೌಂಟಿಯ ಗಡಿಫಲಕ ಮತ್ತು ಬಾರದೇ ಹೋದ ಗವರ್ನರ್

ನಮಸ್ಕಾರ. ಈಗ ನೀವು ನೋಡುತ್ತಿರುವ, ಸ್ಥಳದ ಇತಿಹಾಸ ಹೇಳುವ ಬೂದು ಬಣ್ಣದ ಫಲಕ ಅಮೆರಿಕದ ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್ ಮತ್ತು ಲೌಡನ್ ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಗಡಿಯಲ್ಲಿದೆ. ವರ್ಜೀನಿಯಾ ಇಂತಹ ಫಲಕಗಳನ್ನು 1927ರಿಂದ ನಿಲ್ಲಿಸುತ್ತ ಬಂದಿದೆ. ಅಂದಿನ ಕಾರುಗಳ ವೇಗದಲ್ಲಿ ಇವುಗಳನ್ನು ಓದಿಕೊಂಡೇ ಮುಂದೆ ಸಾಗಬಹುದಿತ್ತೇನೋ. ಇಂದಿನ ಹೆದ್ದಾರಿಯಲ್ಲಿ ಅದು ಸಾಧ್ಯವೇ ಇಲ್ಲ. ನಿಲ್ಲಿಸಿ ಓದೋಣವೆಂದರೆ ರಸ್ತೆಯಂಚಿನಲ್ಲಿ ಕಾರಿಗೆ ಜಾಗವಿಲ್ಲ. ಆದ್ದರಿಂದ ದೂರದ ಅಂಗಡಿಯೊಂದರ ಪಾರ್ಕಿಂಗ್‌ನಲ್ಲಿ ಕಾರು ಬಿಟ್ಟು, ಕಾಲುದಾರಿಯೂ ಇಲ್ಲದ ಒದ್ದೆ ಹುಲ್ಲಿನ ಮೇಲೆ, ಪಕ್ಕದಲ್ಲೇ ಲಾರಿಗಳು ಧಾವಿಸುತ್ತಿರುವಾಗ ನಡೆದುಬರಬೇಕಾಯಿತು. ಸಾಲದೆಂಬಂತೆ ಗಡಿಫಲಕಕ್ಕೆ ಎರಡು ಮುಖಗಳು, ಒಂದೊಂದು ಕೌಂಟಿಗೆ ಒಂದೊಂದು. ಓದಬೇಕಾದವರು ನಿಲ್ಲುವುದೆಲ್ಲಿ ಎಂಬುದನ್ನು ಯಾರೂ ಯೋಚಿಸಿಲ್ಲವೆಂದೇ ನನ್ನ ಅಭಿಪ್ರಾಯ.

ಇನ್ನು ವಿಷಯಕ್ಕೆ ಬರೋಣ. ಲೌಡನ್ ಕೌಂಟಿ 1757ರಲ್ಲಿ ಫೇರ್‌ಫ್ಯಾಕ್ಸ್‌ನಿಂದ ಬೇರೆಯಾಯಿತು. ಆ ಫೇರ್‌ಫ್ಯಾಕ್ಸ್ ಸ್ವತಃ 1742ರಲ್ಲಿ ಪ್ರಿನ್ಸ್ ವಿಲಿಯಂ ಕೌಂಟಿಯಿಂದ ಒಡೆದು ಬಂದದ್ದು. ಹೆಸರು ಲೌಡನ್‌ನ ನಾಲ್ಕನೆಯ ಅರ್ಲ್ (ಬ್ರಿಟನ್ನಿನ ಒಂದು ಕುಲೀನ ಪದವಿ) ಜಾನ್ ಕ್ಯಾಂಬೆಲ್‌ನದು. 1756ರಿಂದ 1759ರವರೆಗೆ, ಆಗ ಬ್ರಿಟಿಷ್ ವಸಾಹತಾಗಿದ್ದ ವರ್ಜೀನಿಯಾದ ಗವರ್ನರ್ ಎನಿಸಿಕೊಂಡಿದ್ದ ಆತ ಇಲ್ಲಿಗೆ ಒಮ್ಮೆಯೂ ಬರಲಿಲ್ಲ. ಆಡಳಿತ ನಡೆಸಿದವರು ಲೆಫ್ಟಿನೆಂಟ್ ಗವರ್ನರ್‌ಗಳು. ಉತ್ತರ ಅಮೆರಿಕದ ಬ್ರಿಟಿಷ್ ಸೇನಾಪತಿಯಾಗಿಯೂ ಆತ ಗೆದ್ದದ್ದೇನಿಲ್ಲ. ಕೌಂಟಿಗೆ ಹೆಸರಿಟ್ಟ ಅದೇ ವರ್ಷ ಇಂದಿನ ಕೆನಡಾದಲ್ಲಿರುವ ಫ್ರೆಂಚರ ಕೋಟೆ ಲೂಯಿಸ್‌ಬರ್ಗ್ ಮೇಲಿನ ದಾಳಿಯನ್ನು ಕೈಬಿಟ್ಟನು. ಮರುವರ್ಷ ಲಂಡನ್ ಅವನನ್ನು ಹಿಂದಕ್ಕೆ ಕರೆಸಿಕೊಂಡಿತು.

ಕೌಂಟಿ ಹುಟ್ಟಿದ ಕಾರಣವನ್ನು ಹುಡುಕಬೇಕಾದುದು ಅರ್ಲ್‌ನಲ್ಲಲ್ಲ, ನ್ಯಾಯಾಲಯದ ದೂರದಲ್ಲಿ. ಜಮೀನಿನ ಪತ್ರ, ಉಯಿಲು, ತೆರಿಗೆ, ರಸ್ತೆ ದುರಸ್ತಿ ಎಲ್ಲವೂ ಕೌಂಟಿ ನ್ಯಾಯಾಲಯದಲ್ಲೇ ತೀರ್ಮಾನವಾಗುತ್ತಿದ್ದವು. 1752ರಲ್ಲಿ ಫೇರ್‌ಫ್ಯಾಕ್ಸ್‌ನ ನ್ಯಾಯಾಲಯ ಪೊಟೋಮ್ಯಾಕ್ ನದಿ ದಂಡೆಯ ಅಲೆಕ್ಸಾಂಡ್ರಿಯಾ ಪಟ್ಟಣಕ್ಕೆ ಹೋದಾಗ, ಬ್ಲೂ ರಿಡ್ಜ್ ಬೆಟ್ಟಗಳ ಬುಡದಲ್ಲಿ ನೆಲೆಸಿದ್ದವರಿಗೆ ಅದು ಇನ್ನಷ್ಟು ದೂರವಾಯಿತು. ವಿಸ್ತೀರ್ಣ, ವರ್ಷ, ಹೆಸರಿಗೆ ಜಾಗ ಕೊಡುವ ಈ ಫಲಕಗಳು ಇದನ್ನು ಬಿಟ್ಟುಬಿಡುವುದು ನನಗೆ ಸರಿಯೆನಿಸುವುದಿಲ್ಲ. ಆದರೂ ಇನ್ನೂ ನಾಲ್ಕು ಸಾಲು ಸೇರಿಸಿದರೆ ಕಾರಿನಲ್ಲಿ ಹೋಗುವವರಿಗೆ ಅಷ್ಟೂ ದಕ್ಕದು. ಹಾಗಾಗಿ ಚಿಕ್ಕದಾಗಿರುವುದೇ ಲೇಸೇನೋ.

ಗಡಿಯೂ ಮೊದಲಿನದಲ್ಲ. 1798ರಲ್ಲಿ ಲೌಡನ್‌ನ ಪೂರ್ವಭಾಗ ಫೇರ್‌ಫ್ಯಾಕ್ಸ್‌ಗೆ ಮರಳಿತು. ಇಂದು ಲೌಡನ್‌ನ ಆಶ್‌ಬರ್ನ್‌ನಲ್ಲಿ ಡೇಟಾ ಸೆಂಟರ್‌ಗಳ ನಡುವೆ ಮನೆಮಾಡಿರುವ ಕನ್ನಡಿಗರು ಆಸ್ತಿ ತೆರಿಗೆ ಕಟ್ಟುವುದು ಈ ಅರ್ಲ್‌ನ ಹೆಸರಿನ ಕೌಂಟಿಗೇ. ಬ್ಯಾಟರಿ ಮುಗಿಯುತ್ತಿದೆ, 1758ರಲ್ಲಿ ಸ್ಥಾಪನೆಯಾದ, ಕೌಂಟಿಯ ಆಡಳಿತ ಕೇಂದ್ರವಾದ ಲೀಸ್‌ಬರ್ಗ್ ಪಟ್ಟಣಕ್ಕೆ ಈಗ ಹೊರಡುತ್ತಿದ್ದೇನೆ.