ಬೆಲೆಪಟ್ಟಿ ಮಳೆಗೆ ಮೊದಲು ಬರಬೇಕು

ನಮಸ್ಕಾರ. ಕೊಡಗಿನಲ್ಲಿ ಮಳೆಗೆ ರಸ್ತೆ ಮುಚ್ಚಿದಾಗ ವಿಪರೀತ ಬೆಲೆ ವಸೂಲಿ ಮಾಡೋದರ ಬಗ್ಗೆ ಮಾಡಿದ ಹಿಂದಿನ ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ: ‘ಬೇಡಿಕೆ ಏರಿದರೆ ರೇಟೂ ಏರುತ್ತೆ, ಇಷ್ಟವಿಲ್ಲದಿದ್ರೆ ಬೇರೆ ಅಂಗಡಿಗೆ ಹೋಗಿ.’ ಯಾವ ಅಂಗಡಿಗೆ ಸ್ವಾಮಿ? ಭಾಗಮಂಡಲದಲ್ಲಿ ಕಾವೇರಿ ರಸ್ತೆಗೆ ಬಂದಾಗ ಬೇರೆ ಅಂಗಡಿಗೆ ಈಜಿಕೊಂಡು ಹೋಗೋದಾ? 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆಯೇ ಕುಸಿದಿತ್ತು. ರಸ್ತೆ ಮುಚ್ಚಿದ ಮೇಲೆ ನಡೆಯೋದು ಸುಲಿಗೆ.

ಕಾನೂನು ಇದೆಯಲ್ಲ ಅಂತೀರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(6)ನೇ ಕಲಂ ಓದಿ. ಕಾನೂನು ನಿಗದಿ ಮಾಡಿದ ಬೆಲೆ, ಪೊಟ್ಟಣದ ಮೇಲಿನ ಬೆಲೆ, ಕಾನೂನಿನಂತೆ ತೂಗುಹಾಕಿದ ದರಪಟ್ಟಿಯ ಬೆಲೆ, ಇಬ್ಬರೂ ಒಪ್ಪಿದ ಬೆಲೆ. ಇವನ್ನು ಮೀರಿದರೆ ದೂರು ಕೊಡಬಹುದು. ‘ಆಪತ್ತಿನಲ್ಲಿ ವಿಪರೀತ ಬೆಲೆ’ ಅನ್ನೋ ಸಾಲು ಅಲ್ಲಿಲ್ಲ! ಮೇಣದಬತ್ತಿ ಪ್ಯಾಕೆಟ್‌ಗೆ ಎಂಆರ್‌ಪಿ ಇದೆ, ಮೀರಿದವರು ಸಿಕ್ಕಿಬೀಳ್ತಾರೆ. ಮೀಟರ್ ಲೆಕ್ಕದ ಟಾರ್ಪಾಲಿಗೆ, ಬಿಡಿ ತರಕಾರಿಗೆ, ಬಾಡಿಗೆ ಜನರೇಟರ್‌ಗೆ, ಗಂಟೆ ಲೆಕ್ಕದ ಜೆಸಿಬಿಗೆ ಏನಿದೆ? ಅದಕ್ಕೇ ಹೇಳೋದು, ಬೆಲೆಪಟ್ಟಿ ಮಳೆಗೆ ಮೊದಲು ಬರಬೇಕು.

ಆಗಲ್ಲ ಅನ್ನಬೇಡಿ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಸ್ಯಾನಿಟೈಸರನ್ನು ಅಗತ್ಯ ವಸ್ತು ಅಂತ ಘೋಷಿಸಿ 200 ಮಿ.ಲೀ.ಗೆ 100 ರೂಪಾಯಿ ಮಿತಿ ಹಾಕಿತು. ‘ಸುತ್ತುದಾರಿಯಲ್ಲಿ ತಂದ ಸಾಗಣೆ ಖರ್ಚು ಯಾರು ಕೊಡ್ತಾರೆ?’ ಅಂತ ಕೇಳೋರಿಗೆ ಕ್ಯಾಲಿಫೋರ್ನಿಯಾದ ಕಾನೂನಿನಲ್ಲೇ ಉತ್ತರ ಇದೆ: ತುರ್ತುಸ್ಥಿತಿ ಘೋಷಣೆಯಾದರೆ ಹಿಂದಿನ ದರಕ್ಕಿಂತ 10% ಮೀರುವಂತಿಲ್ಲ, ನಿಜವಾಗಿ ಹೆಚ್ಚಾದ ಖರ್ಚು ತೋರಿಸಿದರೆ ಅದನ್ನು ಸೇರಿಸಬಹುದು. ನಮ್ಮ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ರಾಜ್ಯ ಸರ್ಕಾರ ಅವರಿಗೆ ಅಧಿಕಾರ ಕೊಡಲಿ. ಮೇ ತಿಂಗಳ ದರ ಬರೆದಿಟ್ಟು, ರೆಡ್ ಅಲರ್ಟ್ ಬಂದ ಗಳಿಗೆಗೇ ಅದರ ಮೇಲೆ ಮಿತಿ ಹಾಕೋ ಆದೇಶ ಹೊರಡಲಿ. ಆಗ ಅದೇ ‘ಕಾನೂನು ನಿಗದಿ ಮಾಡಿದ ಬೆಲೆ’. ಮಿತಿಗಿಂತ ಒಂದು ರೂಪಾಯಿ ಹೆಚ್ಚು ತಗೊಂಡರೂ ದೂರು ಊರ್ಜಿತವಾಗುತ್ತೆ.

ಅಲ್ಲಿವರೆಗೆ ಬಿಲ್ ಕೇಳಿ. ಕೊಡದಿದ್ರೆ ಯುಪಿಐನಲ್ಲಿ ಕಟ್ಟಿ. ನೆಟ್‌ವರ್ಕ್ ಸತ್ತಿದ್ರೆ ಚೀಟಿಯಲ್ಲಾದ್ರೂ ಬರೆಸಿಕೊಳ್ಳಿ, ಎಂಆರ್‌ಪಿ ಕಾಣೋ ಹಾಗೆ ಫೋಟೊ ತೆಗೀರಿ. ಸಾಕ್ಷಿ ಇಲ್ಲದೆ ಬಂದ್ರೆ ಕೇಸು ಅಲ್ಲೇ ಬೀಳುತ್ತೆ. ಎಂಆರ್‌ಪಿ ಮೇಲೆ ಹೆಚ್ಚಿನ ಬೆಲೆಯ ಸ್ಟಿಕರ್ ಅಂಟಿಸಿದ್ರೆ ಅದೂ ತಪ್ಪು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಆಮೇಲೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗ: ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ದೂರು ಕೊಡೋಕೆ 2 ವರ್ಷ ಸಮಯ ಇದೆ. ಇಂಥ ಮಾಹಿತಿ ಬೇಕಾದ್ರೆ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ.

‘ವ್ಯಾಪಾರಿಗಳ ವಿರೋಧಿ’ ಅಂತಲೂ ಒಬ್ಬರು ಬರೆದಿದ್ದಾರೆ. ಹಳೇ ದರಕ್ಕೇ ಕೊಟ್ಟ ಅಂಗಡಿಯವರಿಗೆ ಕೈಮುಗೀತೀನಿ. ಉಳಿದವರಿಗೆ ಪಟ್ಟಿ ಬೇಕು. ಮಳೆಗೆ ಮೊದಲೇ ಬೇಕು. ಜುಲೈನಲ್ಲಿ ಸಭೆ ಕರೆದು ಆಗಸ್ಟ್‌ನಲ್ಲಿ ಸಹಿ ಹಾಕೋದಲ್ಲ, ಮೇ ತಿಂಗಳಲ್ಲೇ ಬೇಕು!