ತಲೆ ಆಡಿಸುವ ಮೊದಲು

ಕೇಳುಗರಿಗೆ ನಮಸ್ಕಾರ.

ಬದಿಯಡ್ಕ ಕಡೆಯ ಅಜ್ಜ ಒಬ್ಬರು, ಅಡಿಕೆ ಕೃಷಿಕರು, ಕಾಸರಗೋಡಿನ ವಿದ್ಯಾನಗರದ ಕೋರ್ಟಿನ ಜಗಲಿಯಲ್ಲಿ ನನ್ನ ಕೈಗೆ ಒಂದು ಪ್ಲಾಸ್ಟಿಕ್ ತೊಟ್ಟೆ ಕೊಟ್ಟರು. ಒಳಗೆ ಚಾರ್ಜ್‌ಶೀಟಿನ ಪ್ರತಿ. ಪೂರ್ತಿ ಮಲಯಾಳದಲ್ಲಿ. ಅದು ಅವರ ಕೈಸೇರಿ ಒಂದೂವರೆ ತಿಂಗಳಾಗಿತ್ತು, ಕಟ್ಟಿದ ದಾರ ಹಾಗೆಯೇ ಇತ್ತು. "ಮಾತಾಡ್ಲಿಕ್ಕೆ ಬರ್ತದೆ ವಕೀಲರೇ, ಓದ್ಲಿಕ್ಕೆ ಗೊತ್ತಿಲ್ಲ. ಹಾಗೆ ಕಪಾಟಿನಲ್ಲಿ ಇಟ್ಟೆ" ಅಂದರು. ಅವರ ಕೇಸ್ ಈಗ ಮುಗಿದಿದೆ. ಬೇರೆಯವರಿಗೆ ಉಪಯೋಗ ಆಗಲಿ, ಹೇಳಿ ಅಂತ ಅವರೇ ಹೇಳಿದ್ದಾರೆ.

ಮಂಜೇಶ್ವರ, ಕುಂಬಳೆ, ಪೆರ್ಲ, ಮುಳ್ಳೇರಿಯ ಕಡೆಯ ನಮ್ಮ ಹಿರಿಯರಲ್ಲಿ ಹೀಗಿರುವವರು ಜಾಸ್ತಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ಮನೆಯ ಮಾತು ಕನ್ನಡವೋ ತುಳುವೋ ಆಗಿಯೇ ಉಳಿಯಿತು. ಪೇಟೆಗೆ ಬೇಕಾದಷ್ಟು ಮಲಯಾಳ ಎಲ್ಲರಿಗೂ ಬರುತ್ತದೆ. ಕೋರ್ಟಿಗೆ ಅಷ್ಟು ಸಾಲದು.

ಅಜ್ಜನದ್ದು ಬೇಲಿಯ ಜಗಳ. ಬರೀ ಕೈಯ ದೂಡಾಟ ಅಂತ ಅವರ ಮಾತು. ದಾರ ಬಿಚ್ಚಿ ಓದಿದರೆ ಮಹಜರಿನಲ್ಲಿ, ಅಂದರೆ ಪೊಲೀಸರು ಬರೆದ ದಾಖಲೆಯಲ್ಲಿ, ಒಂದು ಕತ್ತಿ ಇತ್ತು! ಈ ಒಂದು ಶಬ್ದ ಎಷ್ಟು ದೊಡ್ಡದು ಗೊತ್ತಾ? ಭಾರತೀಯ ನ್ಯಾಯ ಸಂಹಿತೆಯಲ್ಲಿ ಸುಮ್ನೆ ಹೊಡೆದು ನೋವು ಮಾಡಿದ್ದಕ್ಕೆ 115ನೇ ಕಲಂ, ಹೆಚ್ಚೆಂದರೆ 1 ವರ್ಷ ಶಿಕ್ಷೆ. ಕತ್ತಿಯಂಥ ಆಯುಧ ಬಳಸಿದರೆ 118ನೇ ಕಲಂ, 3 ವರ್ಷದವರೆಗೆ. ಅಜ್ಜನಿಗೆ ತನ್ನ ಕೇಸಿನಲ್ಲಿ ಕತ್ತಿ ಇದೆ ಅಂತ ಆ ದಿನದವರೆಗೂ ಗೊತ್ತಿರಲಿಲ್ಲ.

ಚಾರ್ಜ್‌ಶೀಟು, ಎಫ್‌ಐಆರ್, ಸಾಕ್ಷಿಗಳ ಹೇಳಿಕೆ, ಇವುಗಳ ಪ್ರತಿ ಆರೋಪಿಗೆ ದುಡ್ಡಿಲ್ಲದೆ ಸಿಗಬೇಕು. ಕೋರ್ಟಿಗೆ ಹಾಜರಾದ 14 ದಿನದೊಳಗೆ ಕೊಡಬೇಕು ಅಂತ ಹೊಸ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಕ್ರಿಮಿನಲ್ ಕೇಸು ನಡೆಸುವ ಕ್ರಮದ ಕಾನೂನು, ಹೇಳುತ್ತದೆ. 2024ರ ಜುಲೈ 1ರಿಂದ ಅದು ಜಾರಿಯಲ್ಲಿದೆ. ಅಜ್ಜನದ್ದರಂಥ ಕೇಸಿನಲ್ಲಿ ಆರೋಪಕ್ಕೆ ಆಧಾರವೇ ಇಲ್ಲ, ನನ್ನನ್ನು ಕೈಬಿಡಿ ಅಂತ ಅರ್ಜಿ ಹಾಕುವುದಾದರೆ ಪ್ರತಿ ಸಿಕ್ಕಿದ 60 ದಿನದೊಳಗೆ ಹಾಕಬೇಕು. ಅಜ್ಜನ 60ರಲ್ಲಿ 45 ದಿನ ಕಪಾಟಿನಲ್ಲೇ ಹೋಗಿತ್ತು. ನನಗೆ ಇವತ್ತಿಗೂ ಅದೇ ಬೇಸರ.

ಹಾಗಾಗಿ ಕಟ್ಟು ಸಿಕ್ಕಿದ ದಿನವೇ ಮಲಯಾಳ ಓದುವವರನ್ನು ಹುಡುಕಿ. ಮೊಮ್ಮಗಳು ಆ ಮಾಧ್ಯಮದಲ್ಲಿ ಕಲಿತಿದ್ದರೆ ಅವಳೇ ಸಾಕು. ಅವಳು ಓದುತ್ತಾ ಹೋಗಲಿ, ತಪ್ಪು ಅನಿಸಿದ ಜಾಗದಲ್ಲಿ ನೀವು ಪೆನ್ಸಿಲಿನ ಗುರುತು ಹಾಕಿ. ಆ ಪುಟಗಳನ್ನು ವಕೀಲರ ಮುಂದೆ ಇಡಿ. ಇದ್ದದ್ದು ಇದ್ದ ಹಾಗೆ ಅವರಿಗೆ ಹೇಳಿ, ನಿಮಗೆ ತೊಂದರೆ ಆಗುವ ಸಂಗತಿಯನ್ನೂ ಹೇಳಿ. ಓದಲು ಬರುವುದಿಲ್ಲ ಅಂತ ಕೋರ್ಟಿಗೆ ತಿಳಿಸುವುದಿದ್ದರೂ ಈ ಹಂತದಲ್ಲೇ ತಿಳಿಸಬೇಕು, ಸಾಕ್ಷಿ ವಿಚಾರಣೆ ಮುಗಿದ ಮೇಲಲ್ಲ.

ವಕೀಲರಿಗೆ ಕೊಡಲು ಹಣ ಇಲ್ಲವೆಂದು ಹಿಂಜರಿಯಬೇಡಿ. ಕಾನೂನು ಸೇವಾ ಪ್ರಾಧಿಕಾರದವರು ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯವನ್ನೂ ನೋಡುವುದಿಲ್ಲ. ಫೋನ್ ಸಂಖ್ಯೆ 15100.

ಕೋರ್ಟಿನ ದಿನ ಬೇಗ ಹೊರಡಿ. ಹೆಸರು ಕರೆಯುವಾಗ ಕಿವಿಗೊಟ್ಟು ನಿಲ್ಲಿ, ಯಾಕೆಂದರೆ ಮನೆಯವರು ಕರೆದ ಹಾಗೆ ಅಲ್ಲಿ ಕರೆಯುವುದಿಲ್ಲ. ನಮ್ಮ ಹೆಸರು ಮಲಯಾಳದ ಬಾಯಲ್ಲಿ ಸ್ವಲ್ಪ ಬೇರೆ ಆಗಿ ಕೇಳುತ್ತದೆ. ಹಾಜರಿಲ್ಲ ಅಂತ ಆದರೆ ವಾರಂಟ್ ಬರಬಹುದು. ಹುಷಾರಿಲ್ಲದಿದ್ದರೆ ಮೊದಲೇ ವಕೀಲರಿಗೆ ಹೇಳಿ ರಜೆ ಅರ್ಜಿ ಹಾಕಿಸಿ.

ಮತ್ತೆ ಆ ಘಳಿಗೆ. ನ್ಯಾಯಾಧೀಶರು ಆರೋಪ ಓದಿ, ತಪ್ಪು ಮಾಡಿದ್ದೀರಾ ಅಂತ ಕೇಳುತ್ತಾರೆ. ನಮ್ಮವರಿಗೆ ದೊಡ್ಡವರ ಮುಂದೆ ತಲೆ ಆಡಿಸುವ ಅಭ್ಯಾಸ. ಮರ್ಯಾದೆಗೆ ಆಡಿಸಿದ ತಲೆಯನ್ನು ಒಪ್ಪಿಗೆ ಅಂತ ತಿಳಿದರೆ ಏನು ಗತಿ? ಆರೋಪವನ್ನು ಓದಿದರೆ ಸಾಲದು, ಆರೋಪಿಗೆ ವಿವರಿಸಬೇಕು ಅಂತ ಕಾನೂನೇ ಹೇಳಿದೆ. ಅರ್ಥ ಆಗದಿದ್ದರೆ "ಸರ್, ನನಗೆ ಕನ್ನಡದಲ್ಲಿ ಹೇಳಬೇಕು" ಅನ್ನಿ. ಮುಂದೆ ಸಾಕ್ಷಿ ಹೇಳುವಾಗಲೂ ಹಾಗೆಯೇ, ನಿಮಗೆ ತಿಳಿಯುವ ಭಾಷೆಗೆ ಅದನ್ನು ತಿರುಗಿಸಿ ಹೇಳಬೇಕು.

ನಮ್ಮ ಅಜ್ಜ ಹಾಗೆಯೇ ಕೇಳಿದರು. ಗಂಟಲು ನಡುಗುತ್ತಿತ್ತು, ಆದರೂ ಕೇಳಿದರು. ನ್ಯಾಯಾಧೀಶರು ಕನ್ನಡದಲ್ಲಿ ಹೇಳಿಸಿದರು. ಕತ್ತಿ ಅನ್ನುವ ಶಬ್ದ ಬಂದಾಗ ಅಜ್ಜ ತಲೆ ಎತ್ತಿ ನೋಡಿದರು. "ಇಲ್ಲ" ಅಂದರು. ಮಲಯಾಳದಲ್ಲೂ ಅದಕ್ಕೆ ಇಲ್ಲ ಅಂತಲೇ ಹೇಳುವುದು.